ಪೆಲ್ ಗ್ರಾಂಟ್ ಇದ್ದೂ ಸಾಲವೇಕೆ?

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾನೆ. ಮೊಮ್ಮಗಳು ಮುಂದಿನ ವರ್ಷ ಕಾಲೇಜಿಗೆ ಸೇರುವವಳು. ಅಮೆರಿಕದಲ್ಲಿ ಕೈಲಾಗದವರ ಮಕ್ಕಳಿಗೆ ಸರ್ಕಾರವೇ ಕಾಲೇಜು ಓದಲು ಹಣ ಕೊಡುತ್ತದಂತೆ, ಅದನ್ನು ತಿರುಗಿ ಕಟ್ಟುವುದೂ ಬೇಡವಂತೆ. ನಮ್ಮಲ್ಲಾದರೆ ಮಾರ್ಕ್ಸ್ ಬಂದವರಿಗೆ ಮಾತ್ರ ಸ್ಕಾಲರ್‌ಶಿಪ್ಪು. ಆದರೆ ಅಲ್ಲಿನ ಹುಡುಗರು ಓದು ಮುಗಿಸುವ ಹೊತ್ತಿಗೆ ಸಾಲದಲ್ಲಿ ಮುಳುಗಿರುತ್ತಾರೆ ಎಂದೂ ಪೇಪರಿನಲ್ಲಿ ಓದುತ್ತೇನೆ. ಈ ಎರಡೂ ಹೇಗೆ ನಿಜವಾದೀತು? ನನ್ನ ಮೊಮ್ಮಗಳಿಗೆ ಆ ಹಣ ಸಿಕ್ಕೀತೆ?
— ಓದುಗರು, ಸಾಗರ

ಉತ್ತರ: ನೀವು ಕೇಳಿದ್ದು ನಿಜ, ಪೇಪರಿನಲ್ಲಿ ಓದಿದ್ದೂ ನಿಜ. ಆ ಹಣದ ಹೆಸರು ಪೆಲ್ ಗ್ರಾಂಟ್. ಅಮೆರಿಕದ ಫೆಡರಲ್ ಸರ್ಕಾರ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ, ಇದನ್ನು ಕೊಡುತ್ತದೆ. ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಪಡೆಯುತ್ತಾರೆ. ಪದವಿ ಓದುವ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇದು ಸಿಗುತ್ತದೆ ಎನ್ನಬಹುದು. ಒಬ್ಬ ವಿದ್ಯಾರ್ಥಿಗೆ ಒಂದು ವರ್ಷಕ್ಕೆ ಗರಿಷ್ಠ 7,395 ಡಾಲರ್, ಕನಿಷ್ಠ 740 ಡಾಲರ್. ಈ ಗರಿಷ್ಠ ಮೊತ್ತ 2023-24ರಲ್ಲಿ ನಿಗದಿಯಾದದ್ದು, 2025-26ರಲ್ಲೂ ಅಷ್ಟೇ ಇದೆ. ಸೆಮಿಸ್ಟರಿನ ನಡುವೆ ಓದು ಬಿಟ್ಟರೆ ಒಂದು ಪಾಲನ್ನು ಹಿಂದಿರುಗಿಸಬೇಕಾದೀತು. ಹಾಗೆ ಬಿಡದಿದ್ದರೆ ತಿರುಗಿ ಕಟ್ಟುವ ಮಾತೇ ಇಲ್ಲ.

ಕೊಡುವಾಗ ಮಾರ್ಕ್ಸ್ ಕೇಳುವುದಿಲ್ಲ. ಹೈಸ್ಕೂಲು ಮುಗಿಸಿರಬೇಕು, ಕಾಲೇಜಿನಲ್ಲಿ ಸೀಟು ಸಿಕ್ಕಿರಬೇಕು, ಸೇರಿದ ಮೇಲೆ ಓದು ಸಮಾಧಾನಕರವಾಗಿ ಮುಂದುವರಿಯಬೇಕು, ಅಷ್ಟೇ. ಪೌರತ್ವದ ನಿಯಮವೊಂದನ್ನು ಬಿಟ್ಟರೆ ನೋಡುವುದು ಮನೆಯ ಹಣಕಾಸಿನ ಸ್ಥಿತಿಯನ್ನು ಮಾತ್ರ.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತನ್ನು ಮಾತ್ರ ತಿದ್ದಬೇಕು. ನಮ್ಮಲ್ಲಿ ಮಾರ್ಕ್ಸ್ ಬಂದವರಿಗಷ್ಟೇ ಸ್ಕಾಲರ್‌ಶಿಪ್ ಎಂಬುದು ಸರಿಯಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಡಾ. ಅಂಬೇಡ್ಕರ್ ವೈಸರಾಯ್ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ. ಅದು ಪೆಲ್ ಗ್ರಾಂಟಿಗಿಂತ ಹಿರಿಯದು. ಇಂದು ಅದಕ್ಕೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿಯೊಳಗಿರಬೇಕು. ನಮ್ಮ ಈ ಯೋಜನೆ ಜಾತಿ ಮತ್ತು ಆದಾಯ ಎರಡನ್ನೂ ನೋಡುತ್ತದೆ, ಅಮೆರಿಕದ್ದು ಆದಾಯವನ್ನಷ್ಟೇ ನೋಡುತ್ತದೆ. ಶತಮಾನಗಳ ಕಾಲ ಅಕ್ಷರದಿಂದ ದೂರವಿಟ್ಟ ಸಮಾಜಕ್ಕೆ ಬರೀ ಆದಾಯದ ಅಳತೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಚರ್ಚೆ ಬೇರೆ, ನಿಮ್ಮ ಪ್ರಶ್ನೆ ಬೇರೆ.

ಕಾಕತಾಳೀಯವೆಂಬಂತೆ ಅಮೆರಿಕದ ಕತೆಯೂ 1944ರಿಂದಲೇ ಆರಂಭವಾಗುತ್ತದೆ. ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗೆ ಕಾಲೇಜು ಶುಲ್ಕ ಕೊಡುವ ಕಾನೂನನ್ನು ಆ ವರ್ಷ ತಂದರು. ಜಿಐ ಬಿಲ್ ಎಂದು ಅದಕ್ಕೆ ಹೆಸರು. ರೈತರ, ಕಾರ್ಖಾನೆ ಕೆಲಸಗಾರರ ಮನೆಗಳಿಂದ ಬಂದ ಲಕ್ಷಾಂತರ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದರು. ಹಣವೊಂದು ಸಿಕ್ಕರೆ ಸಾಮಾನ್ಯರ ಮಕ್ಕಳೂ ಓದಿಯಾರು ಎಂಬುದನ್ನು ದೇಶವೇ ಕಣ್ಣಾರೆ ಕಂಡಿತು.

1965ರ ನವೆಂಬರ್ 8ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಉನ್ನತ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಸಹಿ ಹಾಕಲು ಅವರು ವಾಷಿಂಗ್ಟನ್ನಿನಲ್ಲಿ ಕೂರಲಿಲ್ಲ. ಟೆಕ್ಸಾಸ್‌ನ ಸ್ಯಾನ್ ಮಾರ್ಕೋಸ್ ಊರಿಗೆ, ತಾವು ಓದಿದ ಕಾಲೇಜಿಗೇ ಹೋದರು. ಅಲ್ಲಿ ಅವರು ಸಣ್ಣಪುಟ್ಟ ಕೆಲಸ ಮಾಡುತ್ತ, ಕೈಸಾಲ ಮಾಡುತ್ತ ಓದಿದವರು. ನಡುವೆ ಒಂದು ವರ್ಷ ಓದು ನಿಲ್ಲಿಸಿ ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದರು. ಆ ಮಕ್ಕಳಲ್ಲಿ ಹೆಚ್ಚುಕಡಿಮೆ ಯಾರೂ ಕಾಲೇಜಿಗೆ ಹೋಗಲಾರರು ಎಂದು ಅಂದೇ ಅರಿತಿದ್ದನ್ನು ಸಹಿ ಹಾಕುವ ದಿನ ನೆನೆಸಿಕೊಂಡರು. ಆ ಕಾಯಿದೆಯಲ್ಲಿ ಬಡ ವಿದ್ಯಾರ್ಥಿಗಳಿಗೆ ಗ್ರಾಂಟ್ ಇತ್ತು, ಆದರೆ ಹಣ ಹೋಗುತ್ತಿದ್ದದ್ದು ಕಾಲೇಜುಗಳಿಗೆ. ಯಾರಿಗೆ ಕೊಡಬೇಕೆಂದು ಕಾಲೇಜಿನವರೇ ತೀರ್ಮಾನಿಸುತ್ತಿದ್ದರು. ಒಂದೇ ಬಗೆಯ ಬಡತನವಿದ್ದ ಇಬ್ಬರಲ್ಲಿ ಒಬ್ಬರಿಗೆ ಸಿಗುತ್ತಿತ್ತು, ಇನ್ನೊಬ್ಬರಿಗೆ ಇಲ್ಲ.

ಇದನ್ನು ಬದಲಿಸಿದವರು ಕ್ಲೇಬೋರ್ನ್ ಪೆಲ್. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ಸೆನೆಟರ್. ತಾವೇ ಸಿರಿವಂತ ಮನೆತನದವರು, ಪ್ರಿನ್ಸ್‌ಟನ್‌ನಲ್ಲಿ ಓದಿದವರು. 1961ರಿಂದ 1997ರವರೆಗೆ ಸೆನೆಟ್‌ನಲ್ಲಿದ್ದರು. ಅವರ ಹಟ ಒಂದೇ: ಹಣ ಕಾಲೇಜಿಗೆ ಹೋಗಕೂಡದು, ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, ಅವನು ಯಾವ ಕಾಲೇಜಿಗೆ ಹೋಗುತ್ತಾನೋ ಆ ಕಾಲೇಜಿಗೆ ಅವನೊಂದಿಗೆ ಹೋಗಬೇಕು. ಕಾಲೇಜುಗಳ ಸಂಘಗಳು ವಿರೋಧಿಸಿದವು. ಕೆಳಮನೆಯಲ್ಲಿ ಶಿಕ್ಷಣದ ವಿಷಯದಲ್ಲಿ ದೊಡ್ಡ ಮಾತುಳ್ಳವರಾಗಿದ್ದ ಈಡಿತ್ ಗ್ರೀನ್ ಅವರೂ ಸಂಸ್ಥೆಗಳಿಗೇ ನೆರವು ಕೊಡಬೇಕೆಂಬ ಪಕ್ಷದವರು. ಕೊನೆಗೆ ಪೆಲ್ ಅವರ ಮಾತು ನಿಂತಿತು. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಅದರ ಕಾನೂನಿಗೆ ಸಹಿ ಹಾಕಿದರು. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡೆಂಬ ಭೇದ ಮಾಡಕೂಡದೆಂಬ ಪ್ರಸಿದ್ಧ ಒಂಬತ್ತನೇ ಅಧ್ಯಾಯ ಬಂದದ್ದೂ ಅದೇ ಕಾನೂನಿನಲ್ಲಿ, ಅದಕ್ಕೆ ದುಡಿದವರಲ್ಲಿ ಈಡಿತ್ ಗ್ರೀನ್ ಮುಖ್ಯರು. ಒಂದು ಮಾತಿನಲ್ಲಿ ಸೋತ ಆಕೆ ಇನ್ನೊಂದರಲ್ಲಿ ಗೆದ್ದು ಕೋಟ್ಯಂತರ ಹೆಣ್ಣುಮಕ್ಕಳ ಬಾಳು ಬದಲಿಸಿದರು.

ಮೊದಲ ವರ್ಷ, 1973-74ರಲ್ಲಿ, ಗರಿಷ್ಠ ಮೊತ್ತ 452 ಡಾಲರ್. ಪಡೆದವರು ಸುಮಾರು 1.76 ಲಕ್ಷ. ಎರಡೇ ವರ್ಷಗಳಲ್ಲಿ ಗರಿಷ್ಠ ಮೊತ್ತ 1,400 ಡಾಲರಿಗೆ ಏರಿತು. 1980ರಲ್ಲಿ ಗ್ರಾಂಟಿಗೆ ಪೆಲ್ ಅವರ ಹೆಸರಿಟ್ಟರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಸಾಲದ್ದು. 1970ರ ದಶಕದ ನಡುವಿನಲ್ಲಿ ಪೂರ್ತಿ ಪೆಲ್ ಗ್ರಾಂಟ್ ಸಿಕ್ಕ ಹುಡುಗನಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿದ ಖರ್ಚಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಅದರಲ್ಲೇ ತೀರುತ್ತಿತ್ತು. ಉಳಿದದ್ದನ್ನು ಬೇಸಿಗೆ ರಜೆಯಲ್ಲಿ ದುಡಿದು ತುಂಬಬಹುದಿತ್ತು. 2024-25ರಲ್ಲಿ ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸರಾಸರಿ ಬೋಧನಾ ಶುಲ್ಕವೇ ಸುಮಾರು 11,600 ಡಾಲರ್, ವಸತಿ-ಊಟ ಸೇರಿದರೆ 25,000 ಡಾಲರಿನ ಹತ್ತಿರ. ಅದರ ಮುಂದೆ 7,395 ಡಾಲರ್ ಇಡಿ. ಮೂರನೇ ಒಂದು ಭಾಗವೂ ಆಗುವುದಿಲ್ಲ. ಗ್ರಾಂಟ್ ನಿಂತಿಲ್ಲ, ಮೊತ್ತವೂ ಇಳಿದಿಲ್ಲ. ಆದರೆ ಶುಲ್ಕ ಓಡಿತು, ಗ್ರಾಂಟ್ ನಡೆಯಿತು.

ಇದಕ್ಕೆ ಎರಡು ಕಾರಣಗಳಿವೆ. ಗರಿಷ್ಠ ಮೊತ್ತವನ್ನು ಅಲ್ಲಿನ ಸಂಸತ್ತು ವರ್ಷವರ್ಷದ ಬಜೆಟ್ಟಿನಲ್ಲಿ ನಿಗದಿ ಮಾಡುತ್ತದೆ, ಬೆಲೆಯೇರಿಕೆಗೆ ತಕ್ಕಂತೆ ಅದು ತಾನಾಗಿ ಏರುವುದಿಲ್ಲ. ಎರಡನೆಯದಾಗಿ, ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹಣ ಕೊಡುತ್ತಿದ್ದ ರಾಜ್ಯ ಸರ್ಕಾರಗಳು ಕೈ ಬಿಗಿ ಮಾಡುತ್ತ ಬಂದವು. 2008ರ ಆರ್ಥಿಕ ಕುಸಿತದ ನಂತರವಂತೂ ಒಬ್ಬೊಬ್ಬ ವಿದ್ಯಾರ್ಥಿಗೆ ಕೊಡುತ್ತಿದ್ದ ನೆರವನ್ನು ರಾಜ್ಯಗಳು ತೀವ್ರವಾಗಿ ಕಡಿದವು. ಆ ಕೊರತೆಯನ್ನು ವಿಶ್ವವಿದ್ಯಾಲಯಗಳು ಶುಲ್ಕ ಏರಿಸಿ ತುಂಬಿಕೊಂಡವು. ಒಂದು ಸರ್ಕಾರ ಎಡಗೈಯಿಂದ ಕೊಟ್ಟದ್ದನ್ನು ಇನ್ನೊಂದು ಸರ್ಕಾರ ಬಲಗೈಯಿಂದ ತೆಗೆದುಕೊಂಡಂತಾಯಿತು. ನಡುವೆ ಉಳಿದ ಅಂತರವನ್ನು ಸಾಲ ತುಂಬಿತು. ಇಂದು ಫೆಡರಲ್ ವಿದ್ಯಾರ್ಥಿ ಸಾಲ ಹೊತ್ತವರು 4 ಕೋಟಿಗೂ ಹೆಚ್ಚು, ಅವರ ಒಟ್ಟು ಬಾಕಿ 1.6 ಲಕ್ಷ ಕೋಟಿ ಡಾಲರಿಗೂ ಮಿಗಿಲು.

ಗ್ರಾಂಟ್ ಕೊಡುವುದರಿಂದಲೇ ಕಾಲೇಜುಗಳು ಶುಲ್ಕ ಏರಿಸುತ್ತವೆ ಎಂಬ ವಾದವೂ ಇದೆ. 1987ರಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ವಿಲಿಯಂ ಬೆನೆಟ್ ಪತ್ರಿಕೆಯೊಂದರಲ್ಲಿ ಹೀಗೆ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಎಲ್ಲ ಕಾಲೇಜುಗಳಿಗೂ ಇದು ಹೊಂದುವುದೆಂದು ಪುರಾವೆ ಸಿಕ್ಕಿಲ್ಲ. ಆದರೆ ಲಾಭಕ್ಕಾಗಿ ನಡೆಯುವ ಕಾಲೇಜುಗಳ ಮಟ್ಟಿಗೆ ಸಿಕ್ಕಿದೆ. ಸ್ಟೆಫನಿ ಸೆಲ್ಲಿನಿ ಮತ್ತು ಮುಂದೆ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫೆಡರಲ್ ನೆರವಿಗೆ ಅರ್ಹವಾದ ಅಂಥ ಸಂಸ್ಥೆಗಳು ಅರ್ಹವಲ್ಲದ ಅದೇ ಬಗೆಯ ಸಂಸ್ಥೆಗಳಿಗಿಂತ ಮುಕ್ಕಾಲು ಭಾಗದಷ್ಟು ಹೆಚ್ಚು ಶುಲ್ಕ ವಸೂಲಿ ಮಾಡುತ್ತಿದ್ದವು. ಅಂಥ ಸಂಸ್ಥೆಗಳೇ ಆದ ಕೊರಿಂಥಿಯನ್ ಕಾಲೇಜಸ್ 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಹಾಕಿದವು. ವಿದ್ಯಾರ್ಥಿಗಳ ಕೈಯಲ್ಲಿ ಉಳಿದದ್ದು ಸಾಲದ ಪತ್ರ. ಹಣ ವಿದ್ಯಾರ್ಥಿಯ ಹಿಂದೆ ಹೋಗಬೇಕೆಂಬ ಪೆಲ್ ಅವರ ತತ್ವ ಸರಿಯಾದದ್ದೇ. ಆದರೆ ವಿದ್ಯಾರ್ಥಿ ಹೋಗಿ ಸೇರುವ ಕಾಲೇಜು ಎಂಥದೆಂದು ನೋಡುವ ಕಣ್ಣು ಸರ್ಕಾರಕ್ಕೆ ಇರಲೇಬೇಕಿತ್ತು. ಅದು ಬಹುಕಾಲ ಇರಲಿಲ್ಲ.

ಅಂತರ ಎಂದರೆ ಬರೀ ಲೆಕ್ಕ ಎಂದುಕೊಳ್ಳಬೇಡಿ. ಸಾರಾ ಗೋಲ್ಡ್ರಿಕ್-ರಾಬ್ ಎಂಬ ಸಮಾಜಶಾಸ್ತ್ರಜ್ಞೆ 2008ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸರ್ಕಾರಿ ಕಾಲೇಜುಗಳಿಗೆ ಪೆಲ್ ಗ್ರಾಂಟ್ ಹಿಡಿದು ಸೇರಿದ 3,000 ಹುಡುಗ-ಹುಡುಗಿಯರನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಂದಿ ಪದವಿಯಿಲ್ಲದೆ ಕಾಲೇಜು ಬಿಟ್ಟರು. ಐದು ವರ್ಷದೊಳಗೆ ಮುಗಿಸಿದವರು ಐವರಲ್ಲಿ ಒಬ್ಬರಿಗೂ ಕಡಿಮೆ. ರಾತ್ರಿ ಪಾಳಿಯಲ್ಲಿ ದುಡಿದು ಬೆಳಿಗ್ಗೆ ತರಗತಿಗೆ ಬಂದವರಿದ್ದರು, ಊಟ ಬಿಟ್ಟವರಿದ್ದರು, ತಮ್ಮ ಹಣದಲ್ಲೇ ಮನೆಗೂ ಕಳಿಸುತ್ತಿದ್ದವರಿದ್ದರು. ಬುದ್ಧಿಯ ಕೊರತೆಯಿಂದ ಬಿಟ್ಟವರಲ್ಲ ಇವರು.

ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಇಂಥದ್ದೇ ಸಂಗತಿಯನ್ನು ಗಮನಿಸಿತು. ಕೆಲವೇ ನೂರು ಡಾಲರ್ ಶುಲ್ಕ ಬಾಕಿ ಉಳಿಸಿಕೊಂಡಿದ್ದಕ್ಕೆ ತರಗತಿಗಳಿಂದ ಹೆಸರು ತೆಗೆಸಿಕೊಂಡ ಮಕ್ಕಳು ಪ್ರತಿ ಸೆಮಿಸ್ಟರಿನಲ್ಲೂ ದೊಡ್ಡ ಸಂಖ್ಯೆಯಲ್ಲಿದ್ದರು. ಹಲವರು ಕೊನೆಯ ವರ್ಷದವರು. 2011ರಿಂದ ವಿಶ್ವವಿದ್ಯಾಲಯವೇ ಅಂಥವರ ಖಾತೆಯನ್ನು ನೋಡಿ ಬಾಕಿಯನ್ನು ತುಂಬತೊಡಗಿತು. ಸಾಮಾನ್ಯವಾಗಿ ಒಬ್ಬರಿಗೆ ಬೇಕಾದದ್ದು ಸಾವಿರ ಡಾಲರಿಗೂ ಕಡಿಮೆ. ಅದಕ್ಕೆ ಅರ್ಜಿಯೂ ಬೇಕಿಲ್ಲ. ಹಾಗೆ ನೆರವು ಪಡೆದ ಕೊನೆಯ ವರ್ಷದವರಲ್ಲಿ ಬಹುಪಾಲು ಮಂದಿ ಪದವಿ ಮುಗಿಸಿದರು. ಇಷ್ಟು ಚಿಕ್ಕ ಮೊತ್ತಕ್ಕೆ ಮೂರು ವರ್ಷದ ಓದು, ಮೂರು ವರ್ಷದ ಗ್ರಾಂಟು ಎರಡೂ ನೀರಲ್ಲಿ ಹೋಗುತ್ತಿತ್ತಲ್ಲ ಎಂದು ನೆನೆದಾಗ ಸಂಕಟವಾಗುತ್ತದೆ.

ಇನ್ನೊಂದು ತಡೆ ಅರ್ಜಿಯದು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕಾಗಿ ಸಾಲು ನಿಂತವರಿಗೆ, ಆಧಾರ್ ಜೋಡಣೆ ಸರಿಯಾಗದೆ ಸ್ಕಾಲರ್‌ಶಿಪ್ ಬ್ಯಾಂಕ್ ಖಾತೆಗೆ ಬಾರದೇ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಅರ್ಜಿಗೆ ಫಾಫ್ಸಾ ಎನ್ನುತ್ತಾರೆ. ಬಹುಕಾಲ ಅದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. 2008ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಎಚ್ ಅಂಡ್ ಆರ್ ಬ್ಲಾಕ್ ಎಂಬ ತೆರಿಗೆ ಲೆಕ್ಕ ಮಾಡಿಕೊಡುವ ಕಂಪನಿಯ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ತೆರಿಗೆ ಕಾಗದ ತುಂಬಿಸಲು ಬಂದ ಬಡ ಕುಟುಂಬಗಳಲ್ಲಿ ಕೆಲವರಿಗೆ ಆ ಕೂತ ಕುರ್ಚಿಯಲ್ಲೇ ಫಾಫ್ಸಾ ಅರ್ಜಿಯನ್ನೂ ತುಂಬಿಕೊಟ್ಟರು. ಇನ್ನು ಕೆಲವರಿಗೆ ಎಷ್ಟು ನೆರವು ಸಿಗಬಹುದೆಂಬ ಮಾಹಿತಿಯನ್ನಷ್ಟೇ ಕೊಟ್ಟು ಕಳಿಸಿದರು. ಮಾಹಿತಿ ಮಾತ್ರ ಸಿಕ್ಕವರಲ್ಲಿ ಏನೂ ಬದಲಾಗಲಿಲ್ಲ. ಅರ್ಜಿ ತುಂಬಿಸಿಕೊಂಡ ಮನೆಗಳ ಹೈಸ್ಕೂಲು ಮಕ್ಕಳಲ್ಲಿ ಮುಂದೆ ಎರಡು ವರ್ಷದ ಕಾಲೇಜು ಓದು ಪೂರೈಸಿದವರ ಪ್ರಮಾಣ ಶೇಕಡಾ 28ರಿಂದ 36ಕ್ಕೆ ಏರಿತು. ಗ್ರಾಂಟಿನ ಮೊತ್ತ ಒಂದು ಡಾಲರೂ ಹೆಚ್ಚಾಗಿರಲಿಲ್ಲ. ಯಾರೋ ಪಕ್ಕದಲ್ಲಿ ಕೂತು ಕಾಗದ ತುಂಬಿದ್ದರು. ನಮ್ಮ ಊರುಗಳಲ್ಲಿ ಈ ಕೆಲಸವನ್ನು ಯಾವ ಸಂಬಳವೂ ಇಲ್ಲದೆ ಮಾಡುತ್ತಿರುವ ಮೇಷ್ಟ್ರುಗಳು, ಗ್ರಂಥಪಾಲಕರು ಇದ್ದಾರೆ. ಅವರು ಮಾಡುತ್ತಿರುವುದು ಎಷ್ಟು ದೊಡ್ಡದೆಂದು ಈ ಅಂಕಿಯನ್ನು ನೋಡಿದರೆ ತಿಳಿಯುತ್ತದೆ.

2020ರ ಕೊನೆಯಲ್ಲಿ ಅರ್ಜಿಯನ್ನು ಸರಳ ಮಾಡುವ ಕಾನೂನು ಬಂತು. ಪ್ರಶ್ನೆಗಳು ನಲವತ್ತರ ಆಸುಪಾಸಿಗೆ ಇಳಿದವು, ಆದಾಯದ ಲೆಕ್ಕ ತೆರಿಗೆ ಇಲಾಖೆಯಿಂದ ನೇರವಾಗಿ ಬರುವ ಏರ್ಪಾಡಾಯಿತು. 1994ರಲ್ಲಿ ಜೈಲಿನಲ್ಲಿರುವವರಿಂದ ಕಿತ್ತುಕೊಂಡಿದ್ದ ಪೆಲ್ ಗ್ರಾಂಟನ್ನು ಇದೇ ಕಾನೂನು ಮರಳಿ ಕೊಟ್ಟಿತು, 2023ರ ಜುಲೈ 1ರಿಂದ ಅದು ಜಾರಿಗೂ ಬಂತು. ಆದರೆ ಹೊಸ ಅರ್ಜಿ ಜಾರಿಯಾದ ಬಗೆ ನೋವಿನದು. ಅಕ್ಟೋಬರ್ 1ಕ್ಕೆ ತೆರೆಯಬೇಕಾದದ್ದು 2023ರ ಡಿಸೆಂಬರ್ ಕೊನೆಗೆ ತೆರೆಯಿತು. ಮೊದಲ ಐದು ತಿಂಗಳಲ್ಲಿ ಸಹಾಯವಾಣಿಗೆ ಬಂದ ಕರೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರವೇ ಸಿಗಲಿಲ್ಲ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ತಂದೆ ಅಥವಾ ತಾಯಿಗೆ ಅಲ್ಲಿನ ಗುರುತಿನ ಸಂಖ್ಯೆಯಾದ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಮಕ್ಕಳಿಗಂತೂ ತಿಂಗಳುಗಟ್ಟಲೆ ಅರ್ಜಿ ಮುಗಿಸಲಾಗಲಿಲ್ಲ. ಮಗು ಅಲ್ಲೇ ಹುಟ್ಟಿದ ಪ್ರಜೆ, ಅಪ್ಪ ಎಚ್-1ಬಿ ವೀಸಾದಲ್ಲಿ, ಅಮ್ಮ ಕೆಲಸ ಮಾಡಲು ಪರವಾನಗಿಯಿಲ್ಲದ ಎಚ್-4 ವೀಸಾದಲ್ಲಿ ಇರುವ ಕನ್ನಡದ ಮನೆಗಳೂ ಆ ಗುಂಪಿಗೆ ಸೇರಿದವೇ.

ಈಗ ನಿಮ್ಮ ಮೊಮ್ಮಗಳ ವಿಷಯ. ಅವಳು ಅಮೆರಿಕದ ಪ್ರಜೆಯೋ, ಗ್ರೀನ್ ಕಾರ್ಡ್ ಇರುವವಳೋ ಎಂಬುದನ್ನು ಮೊದಲು ನೋಡಬೇಕು. ಇವೆರಡರಲ್ಲಿ ಒಂದಾದರೆ ಅರ್ಜಿ ಹಾಕಬಹುದು, ತಂದೆತಾಯಿಯ ವೀಸಾ ಯಾವುದಿದ್ದರೂ ಅಡ್ಡಿಯಿಲ್ಲ. ಅವಳೇ ಎಚ್-4 ವೀಸಾದಲ್ಲಿದ್ದರೆ ಪೆಲ್ ಗ್ರಾಂಟ್ ಇಲ್ಲ. ನಾಲ್ಕನೇ ವಯಸ್ಸಿನಿಂದ ಅಲ್ಲೇ ಬೆಳೆದ ಮಕ್ಕಳಿಗೂ ಇದೇ ನಿಯಮ. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂದರೆ ಸರದಿ ಬರುವ ಮೊದಲೇ 21 ತುಂಬಿ ಎಚ್-4 ಕಳೆದುಕೊಳ್ಳುವ ಮಕ್ಕಳಿದ್ದಾರೆ. ಅಂಥ ಮಗುವನ್ನು ಹೊರಗಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಆಮೇಲಿನದು ಆದಾಯ. 2024ರಲ್ಲಿ ನಾಲ್ವರ ಕುಟುಂಬಕ್ಕೆ ಅಲ್ಲಿನ ಬಡತನದ ರೇಖೆ 31,200 ಡಾಲರ್. ತಂದೆತಾಯಿ ಇಬ್ಬರೂ ಇರುವ ಮನೆಯ ಆದಾಯ ಅದರ ಶೇಕಡಾ 175ರೊಳಗೆ, ಅಂದರೆ 54,600 ಡಾಲರಿನೊಳಗೆ ಇದ್ದರೆ ಪೂರ್ತಿ ಗ್ರಾಂಟ್ ಸಿಗುತ್ತದೆ. ತಂದೆ ಅಥವಾ ತಾಯಿ ಒಬ್ಬರೇ ಸಾಕುತ್ತಿರುವ ಮನೆಗೆ ಮಿತಿ ಶೇಕಡಾ 225. ಅದಕ್ಕಿಂತ ಮೇಲೆ ಹೋದಂತೆ ಮೊತ್ತ ಇಳಿಯುತ್ತ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತದೆ. ವಾಸದ ಮನೆಯನ್ನೂ ನಿವೃತ್ತಿ ಉಳಿತಾಯವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಮಗನ ಸಂಬಳ ಈ ಮಿತಿಗಿಂತ ಬಹಳ ಮೇಲಿದ್ದರೆ ಪೆಲ್ ಗ್ರಾಂಟಿನ ಆಸೆ ಇಟ್ಟುಕೊಳ್ಳಬೇಡಿ.

ಆದರೂ ಮಗ-ಸೊಸೆಗೆ ಹೇಳಿ, ಅವಳು ಅರ್ಹಳಾಗಿದ್ದರೆ ಫಾಫ್ಸಾ ತುಂಬಿಸಲಿ. ನ್ಯೂಜೆರ್ಸಿ ರಾಜ್ಯ ತನ್ನ ನಿವಾಸಿಗಳಿಗೆ ಕೊಡುವ ಟ್ಯೂಷನ್ ಏಯ್ಡ್ ಗ್ರಾಂಟ್, ಬಹುತೇಕ ಕಾಲೇಜುಗಳು ತಮ್ಮ ನಿಧಿಯಿಂದ ಕೊಡುವ ನೆರವು, ಕಡಿಮೆ ಬಡ್ಡಿಯ ಫೆಡರಲ್ ಸಾಲ ಎಲ್ಲಕ್ಕೂ ಅದೇ ಅರ್ಜಿ ಆಧಾರ. ಕೆಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಅವಳು ಎಚ್-4 ಆಗಿದ್ದರೆ ಇದನ್ನು ಮರೆಯಬಾರದು. ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್, ಎಂಐಟಿಯಂಥ ಕೆಲವು ಸಂಸ್ಥೆಗಳು ಪೌರತ್ವ ನೋಡದೆ, ಸೀಟು ಸಿಕ್ಕ ಪ್ರತಿಯೊಬ್ಬರಿಗೂ ಮನೆಯ ಸ್ಥಿತಿಗೆ ತಕ್ಕ ನೆರವನ್ನು ಪೂರ್ತಿಯಾಗಿ ಕೊಡುತ್ತವೆ. ಸೀಟು ಸಿಗುವುದು ಕಷ್ಟ, ಸಿಕ್ಕರೆ ಹಣದ ಕಾರಣಕ್ಕೆ ಬಿಡಬೇಕಾಗುವುದಿಲ್ಲ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ ಎರಡು ಲಕ್ಷ ಡಾಲರಿನೊಳಗಿನ ಆದಾಯದ ಮನೆಗಳಿಗೆ ಬೋಧನಾ ಶುಲ್ಕವನ್ನೇ ಬಿಟ್ಟಿದೆ, ಆಸ್ತಿ ತೀರಾ ಹೆಚ್ಚಿರಬಾರದಷ್ಟೆ.

ಊರ ಹತ್ತಿರದ ಕಮ್ಯುನಿಟಿ ಕಾಲೇಜಿನ ದಾರಿಯೂ ಇದೆ. ಅಲ್ಲಿ ಸರಾಸರಿ ಶುಲ್ಕ ವರ್ಷಕ್ಕೆ ಸುಮಾರು 4,000 ಡಾಲರ್. ಎರಡು ವರ್ಷ ಮನೆಯಿಂದಲೇ ಹೋಗಿ ಓದಿ, ಗಳಿಸಿದ ಕ್ರೆಡಿಟ್‌ಗಳೊಂದಿಗೆ ರಾಜ್ಯದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವವರು ಬಹಳ. ಫಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ರಾಜ್ಯದ ಮತ್ತು ಕಾಲೇಜುಗಳ ಕಡೆಯ ದಿನಾಂಕಗಳು ಬೇರೆ ಬೇರೆ ಇರುತ್ತವೆ, ಕೆಲವು ಕಡೆ ಮೊದಲು ಬಂದವರಿಗೆ ಮೊದಲು ಹಣ. ದಸರಾ ರಜೆಯ ಹೊತ್ತಿಗೆ ಫೋನು ಮಾಡಿದಾಗ ಒಮ್ಮೆ ನೆನಪಿಸಿ. ತಾಯಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಆಕೆಯ ಹೆಸರಿನಲ್ಲಿ ಫಾಫ್ಸಾ ಖಾತೆ ತೆರೆಯುವ ಕೆಲಸವನ್ನು ಅದಕ್ಕೂ ಮೊದಲೇ ಶುರು ಮಾಡುವುದು ಒಳ್ಳೆಯದು.